ಸೀಟಿನ ಕೆಳಗಿನ ಲಿಂಬೆಹಣ್ಣು

ಸೊರೆಂಟೊ ವ್ಯಾಲಿ

ಹೆದರಿಕೆಯನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಅದೇ ನನ್ನ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ಹೊಟ್ಟೆಪಾಡಿನ ಕೆಲಸವೂ ಅದಕ್ಕೆ ತಕ್ಕದ್ದೇ ಸಿಕ್ಕಿದೆ. ಹುಬ್ಬಳ್ಳಿಯಲ್ಲಿ ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಏನು ಮುರಿದಿದೆ, ಯಾಕೆ ಮುರಿಯಿತು ಎಂದು ವರದಿ ಬರೆಯುವವನು. ಬೇರೆಯವರು ಕಾರನ್ನು ಶೋರೂಮಿನಲ್ಲಿ ಹೂವಿನ ಹಾರದ ಜೊತೆ ನೋಡುತ್ತಾರೆ, ನಾನು ಗ್ಯಾರೇಜಿನ ಹಿತ್ತಲಲ್ಲಿ ನೋಡುತ್ತೇನೆ. ಐವತ್ತು ದಾಟಿದ ಈ ತಲೆಯಲ್ಲಿ ಹೊಸ ಕಾರು ಎಂಬುದೇ ಇಲ್ಲ. ಇನ್ನೂ ಗುದ್ದಿಸಿಕೊಳ್ಳದ ಕಾರು, ಅಷ್ಟೇ.

ಇಂಥ ನಾನು ಸ್ಯಾನ್ ಡಿಯಾಗೊದಲ್ಲಿರುವ ತಂಗಿ ಶೈಲಾಳ ಮನೆಗೆ ಹೋದೆ. ಅವಳಿಗೆ ಸೊರೆಂಟೊ ವ್ಯಾಲಿಯ ಒಂದು ಲ್ಯಾಬಿನಲ್ಲಿ ಔಷಧ ಪರೀಕ್ಷೆ ಮಾಡುವ ಕೆಲಸ. ಸಮುದ್ರ ತೋರಿಸುತ್ತಾಳೆ, ಪ್ರಾಣಿಸಂಗ್ರಹಾಲಯ ತೋರಿಸುತ್ತಾಳೆ, ಹೆಚ್ಚೆಂದರೆ ಹುಲಿಯ ಪಂಜರದ ಬೀಗ ಗಟ್ಟಿಯಿದೆಯೋ ಇಲ್ಲವೋ ಎಂದು ಚಿಂತೆ ಮಾಡಿದರಾಯಿತು ಅಂದುಕೊಂಡಿದ್ದೆ. ಅವಳು ತನ್ನ ಆಫೀಸಿನ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ಒಂದು ಹಳೇ ಕೆಂಪು ಕಾರು ತೋರಿಸಿದಳು. ಎರಡೇ ಬಾಗಿಲು. ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ.

"ಅಣ್ಣಾ, ರವಿವಾರ ಇದನ್ನ ಟ್ರ್ಯಾಕಿಗೆ ಒಯ್ಯೂದೈತಿ. ನೀನೂ ಬಾ."

"ಯಾವ ಟ್ರ್ಯಾಕು?"

"ರೇಸ್ ಟ್ರ್ಯಾಕು. ಹಂಗ್ಯಾಕ ಬಾಯಿ ತಗೀತಿ? ರೇಸ್ ಇರಂಗಿಲ್ಲ. ನಮ್ಮಂಥ ಮಂದಿ ತಮ್ತಮ್ಮ ಕಾರು ತಂದು ಜೋರಾಗಿ ಓಡ್ಸೂದು ಕಲೀತಾರ. ಗೆಲ್ಲೂದಿಲ್ಲ, ಸೋಲೂದಿಲ್ಲ."

ಗೆಲ್ಲುವುದಕ್ಕಾದರೂ ಸಾಯಬಹುದು, ಗೆಲುವೂ ಇಲ್ಲದೆ ಸಾಯುವುದು ಇನ್ನೂ ನಷ್ಟದ ಬಾಬತ್ತು ಎಂದು ನನ್ನ ವಿಮೆಯ ಬುದ್ಧಿಗೆ ಹೊಳೆಯಿತು. ಹೇಳಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವಳು ಕಾರಣ ಹೇಳತೊಡಗಿದ್ದಳು. ಹಿಂದಿನ ಚಳಿಗಾಲದ ಮಳೆಯಲ್ಲಿ ಫ್ರೀವೇ ಮೇಲೆ ಅವಳ ಕಾರು ಜಾರಿ, ಬುಗುರಿಯಂತೆ ತಿರುಗಿ, ಎದುರು ಬರುವ ಕಾರುಗಳಿಗೆ ಮುಖ ಮಾಡಿ ನಿಂತುಬಿಟ್ಟಿತ್ತು. ಯಾರೂ ಗುದ್ದಲಿಲ್ಲ. ಒಂದು ಗೀರೂ ಬೀಳಲಿಲ್ಲ. ಆದರೆ ಅಂದಿನಿಂದ ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತದೆ.

"ಲ್ಯಾಬಿನ್ಯಾಗ ಒಂದ್ ಹನಿ ಹೆಚ್ಚೂಕಮ್ಮಿ ಆಗದಂಗ ಹಾಕೋ ಕೈ ಇದು. ಹಿಂಗ ನಡುಗಿದ್ರ ಹ್ಯಾಂಗ? ಕಾರು ಜಾರಿದಾಗ ಏನ್ ಮಾಡ್ಬೇಕಂತ ಅಲ್ಲಿ ಕಲಿಸ್ತಾರ. ಇಷ್ಟ್ ದಿನ ಪಕ್ಕದ ಸೀಟಿನ್ಯಾಗ ಗುರು ಕುಂಡರ್ತಿದ್ದ. ಈ ಸಲ ಒಬ್ಬಾಕಿನ ಓಡಸ್ಬೇಕು. ಅದ್ ಆಗ್ಲಿಲ್ಲಂದ್ರ ಕಾರ್ ಮಾರಿ ಟ್ರೇನಿಗೆ ಹೋಗ್ತೀನಿ. ಮತ್ತ ಜನ್ಮದಾಗ ಸ್ಟೀರಿಂಗ್ ಮುಟ್ಟಂಗಿಲ್ಲ."

ಟ್ರೇನು ಬಹಳ ಒಳ್ಳೆಯ ವಾಹನ ಎಂದೆ. ಅವಳು ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿದೆ.

ಅವಳ ಗಂಡ ಗಿರೀಶ ಬೆಂಗಳೂರಿನವರು, ಮಾತು ಮೆತ್ತಗೆ. ಅವರಾದರೂ ತಡೆಯುತ್ತಾರೇನೋ ಎಂದು ನೋಡಿದರೆ, "ನೀವು ಹೋಗಿ ಬನ್ನಿ ಭಾವ. ನಾನು ಒಂದ್ಸಲ ಹೋಗಿದ್ದೆ. ಪೂರ್ತಿ ದಿನ ಕಣ್ಣು ಮುಚ್ಕೊಂಡು ನೋಡ್ದೆ," ಎಂದರು.

ಕ್ಯಾಲಬಾಸಸ್

ಶನಿವಾರ ಹೊರಟೆವು. ಫ್ರೀವೇ ಎನ್ನುವುದು ನಮ್ಮ ಹೊಳೆಯಂತೆ. ಇಳಿದ ಮೇಲೆ ನಿಲ್ಲುವ ಹಾಗಿಲ್ಲ. ಎಲ್ಲರೂ ಅವರವರ ಸಾಲಿನಲ್ಲಿ, ಒಂದೇ ವೇಗದಲ್ಲಿ, ಹಾರ್ನ್ ಇಲ್ಲದೆ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಹಾರ್ನ್ ಕೇಳಿದರೆ ಹಿಂದೆ ಯಾರೋ ಎಚ್ಚರವಾಗಿದ್ದಾರೆ ಎಂಬ ಧೈರ್ಯವಾದರೂ ಇರುತ್ತದೆ. ಇಲ್ಲಿನ ಮೌನದಲ್ಲಿ ನನಗೆ ಎಲ್ಲರೂ ನಿದ್ದೆ ಹೋದಂತೆ ಕಂಡು ಬೆವರಿದೆ. ಶೈಲಾ ಬಲಗಡೆಯ ಸಾಲು ಬಿಡಲಿಲ್ಲ. ಲಾರಿಯೊಂದು ಪಕ್ಕಕ್ಕೆ ಬಂದಾಗ ಅವಳ ಬೆರಳ ಗೆಣ್ಣುಗಳು ಬೆಳ್ಳಗಾದವು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಕ್ಯಾಲಬಾಸಸ್‌ನ ಒಣ ಗುಡ್ಡಗಳ ನಡುವೆ ಬಿಳಿ ಗೋಪುರದ ದೇವಸ್ಥಾನವಿದೆ. ದಾರಿಯಲ್ಲೇ ಇರುವುದರಿಂದ ಕಾರಿಗೆ ಪೂಜೆ ಮಾಡಿಸಲೇಬೇಕು ಎಂದು ಹಟ ಹಿಡಿದವನು ನಾನೇ. ಪಾರ್ಕಿಂಗಿನಲ್ಲಿ ನಮ್ಮ ಮುಂದೆ ಒಂದು ದೊಡ್ಡ ಹೊಸ ಕಾರಿಗೆ ಪೂಜೆ ನಡೆದಿತ್ತು. ನಮ್ಮದರ ಬಾನೆಟ್ ಮೇಲೆ ಅರ್ಚಕರು ಕುಂಕುಮದಲ್ಲಿ ಸ್ವಸ್ತಿಕ ಬರೆದರು, ಕಾಯಿ ಒಡೆದರು, ಗಾಲಿಗಳಡಿ ಲಿಂಬೆಹಣ್ಣು ಇಟ್ಟರು. ಶೈಲಾ ಕಾರು ಮುಂದೆ ತೆಗೆದಾಗ ಹಣ್ಣುಗಳು ಪಚಕ್ಕೆಂದವು. ಮುಂದಿನ ಬಂಪರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರ ನಾನೇ ಕಟ್ಟಿದೆ.

ಒಂದು ಮಾತು ಹೇಳಬೇಕು. ಮೂತಿ ಚಪ್ಪಟೆಯಾಗಿ ಬಂದ ಎಷ್ಟೋ ಕಾರುಗಳಲ್ಲಿ ಈ ಲಿಂಬೆಹಣ್ಣು ಮಾತ್ರ ಗೀರಿಲ್ಲದೆ ನೇತಾಡುತ್ತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೂ ನಂಬಿಕೆ ಹೋಗಿಲ್ಲ. ಅದು ತನ್ನನ್ನಾದರೂ ಕಾಪಾಡಿಕೊಂಡಿತಲ್ಲ!

ಅದಕ್ಕೇ ದೇವರ ಪಾದದ ಮೇಲೆ ಇಡಿಸಿದ ಇನ್ನೊಂದು ಲಿಂಬೆಹಣ್ಣು ಕೇಳಿ ಪಡೆದು, ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಇಲ್ಲಿನ ಲಿಂಬೆ ನಮ್ಮದರ ಹಾಗಲ್ಲ. ಸಣ್ಣ ಮಾವಿನಕಾಯಿಯಷ್ಟು ದಪ್ಪ, ತೊಗಟೆ ಚರ್ಮದಂತೆ ಗಟ್ಟಿ. ಜೇಬು ಉಬ್ಬಿದ್ದು ನೋಡಿ ಶೈಲಾ, "ಏನದು?" ಎಂದಳು.

"ಪ್ರಸಾದ," ಎಂದೆ.

ನಾರ್ತ್‌ರಿಜ್

ರಾತ್ರಿ ಉಳಿದದ್ದು ನಾರ್ತ್‌ರಿಜ್‌ನಲ್ಲಿ, ಶೈಲಾಳ ಮಗಳು ಅನ್ವಿ ಗೆಳತಿಯರ ಜೊತೆ ಹಂಚಿಕೊಂಡಿರುವ ಅಪಾರ್ಟ್‌ಮೆಂಟಿನಲ್ಲಿ. ಅನ್ವಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಇಬ್ಬರಿಗೂ ಅರ್ಥವಾಗುತ್ತದೆ.

"ನಿನ್ನವ್ವ ಹಿಂಗ ಮಾಡೂದು ನಿನಗ ಹೆದರಿಕಿ ಆಗಂಗಿಲ್ಲೇನ?"

"ಮಾಮಾ, ಯು ಗೈಸ್ ಆರ್ ಸ್ಕೇರ್ಡ್ ಆಫ್ ಎವ್ರಿಥಿಂಗ್. ಅಟ್ ಲೀಸ್ಟ್ ಶೀ ಈಸ್ ಡೂಯಿಂಗ್ ಸಮ್‌ಥಿಂಗ್ ಅಬೌಟ್ ಇಟ್."

ಊಟಕ್ಕೆ ಕೂತಾಗ ಶೈಲಾ ಎಡಗೈ ಚಾಚಿ ಗಾಳಿಗೆ ತೋರುಬೆರಳು ತೋರಿಸುತ್ತಿದ್ದಳು. ಟ್ರ್ಯಾಕಿನ ದೊಡ್ಡ ಮರ್ಯಾದೆ ಇದಂತೆ. ಹಿಂದೆ ಜೋರಾಗಿ ಬರುವವನು ತಾನಾಗಿ ಮುಂದೆ ನುಗ್ಗುವಂತಿಲ್ಲ. ಮುಂದಿರುವವರು ಕನ್ನಡಿಯಲ್ಲಿ ನೋಡಿ, ನೇರ ದಾರಿ ಬಂದಾಗ ಕಿಟಕಿಯಿಂದ ಕೈ ಹಾಕಿ, ಈ ಕಡೆಯಿಂದ ಹೋಗು ಎಂದು ಬೆರಳು ತೋರಿಸಬೇಕು. ಒಂದು ಕಾರಿಗೆ ಒಂದು ಸಲ. ತೋರಿಸುವವರೆಗೆ ಹಿಂದಿನವನು ಕಾಯುತ್ತಾನೆ. ಶೈಲಾಗೆ ಇದೇ ಕಷ್ಟವಾಗಿತ್ತು. ದೊಡ್ಡವರಿಗೆ ಬೆರಳು ಮಾಡಬಾರದು ಎಂದು ಪೆಟ್ಟು ತಿಂದು ಬೆಳೆದ ಮನೆ ನಮ್ಮದು. ಅವಳು ಊಟಕ್ಕೆ ಕರೆದ ಹಾಗೆ ಅಂಗೈ ಚಾಚಿ 'ಬರ್ರಿ, ಬರ್ರಿ' ಅನ್ನುತ್ತಿದ್ದಳಂತೆ. ಯಾವ ಕಡೆಯಿಂದ ಎಂದು ತಿಳಿಯದೆ ಹಿಂದೆ ಕಾರುಗಳ ಮೆರವಣಿಗೆಯೇ ಆಗಿತ್ತಂತೆ.

"ನನ್ನ ಕಡೆ ತೋರ್ಸಿ ರೂಢಿ ಮಾಡ್ಕೊ," ಎಂದೆ.

"ನಿನ್ನ ಕಡೆ ಬೆರಳು ಮಾಡಾಕ ರೂಢಿ ಬ್ಯಾಡ ಅಣ್ಣಾ, ಹುಟ್ಟಿದಾಗಿಂದ ಮನಸ್ಸಿನ್ಯಾಗ ಮಾಡಾಕತ್ತೀನಿ."

ಊಟವಾದ ಮೇಲೆ ಅವಳು ಕೆಳಗೆ ಹೋಗಿ ಕಾರನ್ನು ಬರಿದು ಮಾಡಿದಳು. ಕಾಲೊರಸು, ಛತ್ರಿ, ಬಾಚಣಿಗೆ, ಪೆನ್ನು, ಎಲ್ಲ ಹೊರಗೆ. ಒಳಗೆ ಸಡಿಲವಾಗಿ ಏನೂ ಇರಬಾರದೆಂದು ನಿಯಮ ಎಂದಳು. ಅಮೆರಿಕದವರಿಗೆ ಸ್ವಚ್ಛತೆಯ ಗೀಳು ಎಂದುಕೊಂಡು ಸುಮ್ಮನೆ ಚೀಲ ಹಿಡಿದು ನಿಂತೆ.

ಮರುಭೂಮಿ, ಊಟಕ್ಕೆ ಮೊದಲು

ಲಾಸ್ ಏಂಜಲೀಸ್‌ನ ಉತ್ತರದ ಬೆಟ್ಟ ದಾಟಿದರೆ ಮರುಭೂಮಿ. ಗಾಳಿ, ಮುಳ್ಳುಪೊದೆ, ನಡುವೆ ಹಾವಿನಂತೆ ಬಿದ್ದ ಡಾಂಬರು ದಾರಿ. ಒಳಗೆ ಹೋಗುತ್ತಲೇ ನನಗೆ ಕಂಡದ್ದು ಅಂಬುಲೆನ್ಸ್. ಅದು ಇದ್ದರೆ ಧೈರ್ಯ ಎಂದು ಉಳಿದವರ ಭಾವನೆ. ಅದನ್ನು ಕರೆಸಿದ್ದಾರೆಂದರೆ ಏನೋ ಗೊತ್ತಿರಬೇಕು ಎಂದು ನನ್ನದು. ಮಾಮೂಲಿ ಕಾರು ವಿಮೆ ಇಲ್ಲಿ ನಡೆಯುವುದಿಲ್ಲ ಎಂದು ಶೈಲಾ ಹೇಳಿದ ಮೇಲೆ ಒಂದು ಕಡೆ ಕುಳಿತು ನೀರು ಕುಡಿದೆ.

ಆದರೆ ಅಲ್ಲಿನ ಜನರನ್ನು ನೋಡಿ ಬೆರಗಾಯಿತು. ಎದೆಯುಬ್ಬಿಸಿದ ಪೋಕರಿಗಳಿರುತ್ತಾರೆ ಅಂದುಕೊಂಡಿದ್ದೆ. ಅಲ್ಲಿದ್ದವರು ನನ್ನ ಜಾತಿಯವರು, ಚಿಂತೆಯವರು! ಒಬ್ಬ ಗಾಲಿಯ ನಟ್ಟು ಬಿಗಿ ಮಾಡುತ್ತಾನೆ, ಚಹಾ ಕುಡಿದು ಬಂದು ಮತ್ತೆ ಅದೇ ನಟ್ಟು ಬಿಗಿ ಮಾಡುತ್ತಾನೆ. ಇನ್ನೊಬ್ಬಾಕೆ ಗಾಲಿಯ ಗಾಳಿ ಅಳೆದು, ಅಳತೆ ಮಾಡುವ ಉಪಕರಣವನ್ನೇ ಅನುಮಾನಿಸಿ ಪಕ್ಕದವರದ್ದು ಕೇಳುತ್ತಾಳೆ. ಓಡಿಸಿ ಬಂದವರು ಹೆಲ್ಮೆಟ್ ತೆಗೆದು ನೆಟ್ಟಗೆ ಇನ್ನೊಬ್ಬರ ಕಾರಿನ ಹತ್ತಿರ ಹೋಗಿ, "ಆ ತಿರುವಿನಲ್ಲಿ ನಿಮ್ಮ ಹಿಂದೆ ತೀರಾ ಹತ್ತಿರ ಬಂದುಬಿಟ್ಟೆ, ತಪ್ಪಾಯ್ತು," ಎನ್ನುತ್ತಾರೆ. ನನ್ನ ಇಡೀ ಸರ್ವೇಯರ್ ಜೀವನದಲ್ಲಿ ಗುದ್ದಿದವನ ಬಾಯಲ್ಲಿ ಕೇಳದ ಮಾತನ್ನು ಇಲ್ಲಿ ಗುದ್ದದವರು ಹೇಳುತ್ತಿದ್ದರು.

ತಪಾಸಣೆಯವನು ಗಾಲಿ ಅಲುಗಿಸಿ ನೋಡಿದ, ಬ್ರೇಕು ನೋಡಿದ. ಬಂಪರಿನ ಲಿಂಬೆಹಣ್ಣಿನ ದಾರ ಕಂಡು ನಕ್ಕು, ಉದುರಿ ಬಿದ್ದರೆ ಹಿಂದಿನವರಿಗೆ ತೊಂದರೆ ಎಂದು ಕತ್ತರಿಸಿ ನನ್ನ ಕೈಗೇ ಕೊಟ್ಟ. ನನ್ನ ಎದೆಯ ದಾರವೇ ಕತ್ತರಿಸಿದಂತಾಯಿತು.

ಶೈಲಾಳ ಗುರುವಿನ ಹೆಸರು ಡೆನ್ನಿಸ್. ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು. ಬೆಳಿಗ್ಗೆ ಅವಳ ಪಕ್ಕ ಕೂತು ಬಂದು, "ಚೆನ್ನಾಗಿದೆ. ಊಟದ ಮೇಲೆ ನೀನು ಒಬ್ಬಳೇ. ನಾನು ನನ್ನ ಕಾರಿನಲ್ಲಿ ಹಿಂದೆ ಬಂದು ನೋಡುತ್ತೇನೆ," ಎಂದ. ನನ್ನ ಕಡೆ ತಿರುಗಿ, "ನೀವೂ ನನ್ನ ಜೊತೆ ಬನ್ನಿ. ಸ್ವಲ್ಪವೂ ನೋಯುವುದಿಲ್ಲ," ಎಂದ. ಹಲ್ಲು ಕೀಳುವವರ ಈ ಮಾತಿಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿತ್ತು.

ಮರುಭೂಮಿ, ಊಟದ ಮೇಲೆ

ಶೈಲಾಗೆ ಬುತ್ತಿ ಸೇರಲಿಲ್ಲ. ಚಟ್ನಿಪುಡಿ ಹಚ್ಚಿದ ಚಪಾತಿಯನ್ನು ಕೈಯಲ್ಲಿ ಹಿಡಿದೇ ಇದ್ದಳು. ಆ ಕೈ ಸಣ್ಣಗೆ ನಡುಗುತ್ತಿತ್ತು. ಅವಳು ಮುಖ ತೊಳೆಯಲು ಹೋದಳು. ನಾನು ಕಾರಿನ ಹತ್ತಿರ ಹೋದೆ. ಬಂಪರ್ ಬೋಳಾಗಿತ್ತು. ಜೇಬಿನಲ್ಲಿ ದೇವರ ಪಾದದ ಹಣ್ಣಿತ್ತು. ಸಡಿಲವಾಗಿ ಏನೂ ಇರಬಾರದು ಎಂಬುದು ಬಾಚಣಿಗೆಗೆ, ಛತ್ರಿಗೆ. ದೇವರಿಗೆ ಹೇಗೆ ಅನ್ವಯಿಸೀತು? ಕರವಸ್ತ್ರದಲ್ಲಿ ಸುತ್ತಿ, ಅವಳ ಸೀಟಿನ ಕೆಳಗೆ ಭದ್ರವಾಗಿ ಸಿಕ್ಕಿಸಿದೆ. ಬೆಳಗಿನಿಂದ ಮೊದಲ ಸಲ ನನ್ನ ಉಸಿರು ಹಗುರಾಯಿತು.

ಯಾರದೋ ಹೆಲ್ಮೆಟ್ ಹಾಕಿಕೊಂಡು, ಬೆಲ್ಟುಗಳಲ್ಲಿ ಬಿಗಿಸಿಕೊಂಡು ಡೆನ್ನಿಸ್‌ನ ಪಕ್ಕ ಕೂತೆ. ಮುಂದೆ ಶೈಲಾಳ ಕೆಂಪು ಕಾರು ಹೊರಟಿತು. ಡೆನ್ನಿಸ್ ಗೇರು ಹಾಕುವ ಮೊದಲು ಬಗ್ಗಿ, ತನ್ನ ಸೀಟಿನ ಕೆಳಗೆಲ್ಲ ಕೈಯಾಡಿಸಿದ.

"ಏನು ಹುಡುಕುತ್ತಿದ್ದೀರಿ?"

"ಏನೂ ಇಲ್ಲ ಅನ್ನುವುದನ್ನು," ಎಂದ. "ಜೋರಾಗಿ ಬ್ರೇಕ್ ಹಾಕಿದರೆ ಸೀಟಿನ ಕೆಳಗಿದ್ದದ್ದು ಮುಂದಕ್ಕೆ ಉರುಳಿ ಪೆಡಲಿನ ಕೆಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬ್ರೇಕು ಇಳಿಯುವುದಿಲ್ಲ."

ಕಾರು ಟ್ರ್ಯಾಕಿಗೆ ನುಗ್ಗಿತು. ಕಣ್ಣ ಮುಂದೆ ಬಂದದ್ದು ಟ್ರ್ಯಾಕಲ್ಲ, ಹಳೇ ಹುಬ್ಬಳ್ಳಿಯ ಒಂದು ಗ್ಯಾರೇಜು. ಮರಕ್ಕೆ ಗುದ್ದಿದ ಕಾರು. ಬ್ರೇಕ್ ಪೆಡಲಿನಡಿ ಸಿಕ್ಕಿಕೊಂಡ ನೀರಿನ ಬಾಟಲಿ. ಅದನ್ನು ಚಿಮಟಿಗೆಯಲ್ಲಿ ಎಳೆದು ತೆಗೆದು, ಫೋಟೋ ಹೊಡೆದು, 'ಅಪಘಾತಕ್ಕೆ ಇದೇ ಕಾರಣ' ಎಂದು ಬರೆದು ಸಹಿ ಮಾಡಿದವನು ನಾನೇ.

ಬಾಯಿ ತೆರೆದೆ. ಇಂಗ್ಲಿಷು ಬರಲಿಲ್ಲ. ಕನ್ನಡವೂ ಬರಲಿಲ್ಲ. ತಿರುವಿನಲ್ಲಿ ಕಾರು ವಾಲಿದಾಗ ಬಂದದ್ದು ಬರೀ ಒಂದು ಹೂಂಕಾರ. "ನೋಡಿ, ಎಷ್ಟು ಚೆನ್ನಾಗಿ ತಿರುಗಿಸಿದಳು!" ಎಂದ ಡೆನ್ನಿಸ್, ನನ್ನ ನರಳಾಟವನ್ನು ಮೆಚ್ಚುಗೆ ಎಂದು ತಿಳಿದು. ಹೇಳಿದರೆ ಅವಳನ್ನು ಹೊರಗೆ ಕರೆಯುತ್ತಾರೆ. ಇವತ್ತು ಒಬ್ಬಳೇ ಓಡಿಸದಿದ್ದರೆ ಇನ್ನು ಎಂದೂ ಓಡಿಸುವುದಿಲ್ಲ ಎಂದಿದ್ದಾಳೆ. ಹೇಳದಿದ್ದರೆ? ಮುಂದಿನ ತಿರುವಿನಲ್ಲಿ ಅವಳ ಬ್ರೇಕಿನ ಕೆಂಪು ದೀಪ ಹೊತ್ತಿತು. ಪ್ರತಿ ಸಲ ಅದು ಹೊತ್ತಿದಾಗಲೂ ಕರವಸ್ತ್ರ ಒಂದಿಷ್ಟು ಸಡಿಲವಾಗುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಅವಳ ಸೀಟಿನ ಕೆಳಗೆ ಹಣ್ಣಿದೆ!" ಎಂದು ಕೂಗಿದೆ. "ನಾನು ಇಟ್ಟದ್ದು! ದೇವರದು!"

ಡೆನ್ನಿಸ್ ಬೈಯಲಿಲ್ಲ. ಮುಖದ ಮೇಲಿನ ನಗೆ ಮಾತ್ರ ಹೋಯಿತು. ಅದು ಬೈಗುಳಕ್ಕಿಂತ ಭಯಂಕರ. ಅವಳನ್ನು ಟ್ರ್ಯಾಕಿನಿಂದ ಹೊರಗೆ ಕರೆಸಲು ನಾವು ಮೊದಲು ಹೋಗಿ ಬಾವುಟ ತೋರಿಸುವ ನಿಶಾನೆಯವರಿಗೆ ಹೇಳಬೇಕು ಎಂದು ವೇಗ ಹೆಚ್ಚಿಸಿದ. ನೇರ ದಾರಿ ಬಂತು. ಅವಳು ಕನ್ನಡಿಯಲ್ಲಿ ನಮ್ಮನ್ನು ಕಂಡಳು. ಕಿಟಕಿಯಿಂದ ಕೈ ಹೊರಬಂತು. ಅಂಗೈ ಅಲ್ಲ, ಬಾಣದಂಥ ತೋರುಬೆರಳು. ನನ್ನ ಒಡಹುಟ್ಟಿದ ತಂಗಿ ನನಗೆ ಬೆರಳು ಮಾಡಿ, ಮುಂದೆ ಹೋಗು ಎಂದಳು. ಪಕ್ಕಕ್ಕೆ ಬಂದಾಗ ನಾನು ಕೈ ಬೀಸಿ ಬಡಬಡಿಸಿದೆ. ಹೆಲ್ಮೆಟ್ಟಿನೊಳಗೆ ಅವಳ ಕಣ್ಣುಗಳು ನಗುತ್ತಿದ್ದವು. ಅಣ್ಣ ಖುಷಿಯಲ್ಲಿದ್ದಾನೆ ಎಂದುಕೊಂಡಳಂತೆ.

ಟ್ರ್ಯಾಕಿನಿಂದ ಹೊರಬಂದು ಡೆನ್ನಿಸ್ ನಿಶಾನೆಯವನಿಗೆ ಕೂಗಿದ. ಅವನು 'ಹೊರಗೆ ಬಾ' ಎನ್ನುವ ಕಪ್ಪು ಬಾವುಟ ತೆಗೆದುಕೊಂಡು ನಿಂತ. ಆದರೆ ಅದನ್ನು ಕಾಣಲು ಅವಳು ಪೂರ್ತಿ ಒಂದು ಸುತ್ತು ಬರಬೇಕು. ಟ್ರ್ಯಾಕಿನ ಆಚೆ ತುದಿ ಗುಡ್ಡದ ಮರೆಯಲ್ಲಿತ್ತು. ಮರೆಯ ಹಿಂದಿನಿಂದ ಧೂಳು ಎದ್ದಿತು.

ಮಣ್ಣಿನ ಬಣ್ಣದ ಧೂಳು, ನಿಧಾನವಾಗಿ, ಹೊಗೆಯಂತೆ. ಅಂಬುಲೆನ್ಸಿನವನು ಎದ್ದು ನಿಂತ. ನನಗೆ ನೆನಪಿರುವುದು ಇಷ್ಟೇ: ಮನೆದೇವರ ಹೆಸರು ಎತ್ತಲು ಹೋದೆ, ನಾಚಿಕೆಯಾಗಿ ನಿಲ್ಲಿಸಿದೆ. ದೇವರನ್ನು ಅಲ್ಲಿ ಸಿಕ್ಕಿಸಿದವನು ನಾನೇ ಅಲ್ಲವೆ!

ಆಮೇಲೆ ಕೆಂಪು ಕಾರು ಕಂಡಿತು. ಅಂಚು ಹಿಡಿದು, ಎತ್ತಿನ ಗಾಡಿಯಷ್ಟು ನಿಧಾನ. ಕಿಟಕಿಯಿಂದ ಮೇಲೆತ್ತಿದ ಮುಷ್ಟಿ, ಎಂದರೆ 'ನಾನು ಹೊರಗೆ ಬರುತ್ತಿದ್ದೇನೆ, ನೀವು ಹೋಗಿ'. ಬಾವುಟ ತೋರಿಸುವ ಮೊದಲೇ ಅವಳು ನಿಯಮದಂತೆ ತಾನಾಗಿ ಹೊರಗೆ ಬರುತ್ತಿದ್ದಳು.

ಟ್ರ್ಯಾಕಿನ ಬಾಗಿಲು

ಕಾರಿನ ಬಾಗಿಲು ತೆರೆದಾಗ ಉಪ್ಪಿನಕಾಯಿ ಹಾಕುವ ದಿನದ ಮನೆಯಂತೆ ವಾಸನೆ ಹೊಡೆಯಿತು. ಶೈಲಾ ಇಳಿದು, ಬಗ್ಗಿ, ಸಿಪ್ಪೆ ಸೀಳಿ ಅಪ್ಪಚ್ಚಿಯಾದ ಹಣ್ಣನ್ನು ಎತ್ತಿದಳು. ಅದರ ಜೊತೆ ನನ್ನ ಕರವಸ್ತ್ರ.

"ಬ್ರೇಕ್ ಅರ್ಧಕ್ಕ ನಿಂತ್ತು," ಎಂದಳು, ಯಾರಿಗೂ ಅಲ್ಲದಂತೆ. "ಏನೋ ಅಡ್ಡ ಬಂದೈತಿ ಅಂತ ಗೊತ್ತಾತು. ಕಾಲು ತಗೀಲಿಲ್ಲ. ಇದ್ದ ಬಲಾ ಎಲ್ಲ ಹಾಕಿ ಒತ್ತಿದೆ. ಒಡೀತು. ಅಷ್ಟರಾಗ ಎರಡ್ ಗಾಲಿ ಮಣ್ಣಿಗೆ ಇಳಿದಿದ್ವು. ಸ್ಟೀರಿಂಗ್ ಜಗ್ಗಲಿಲ್ಲ, ನೆಟ್ಟಗ ಹಿಡಿದು ಸಾವಕಾಶ ಮ್ಯಾಲ ತಂದೆ." ಇದನ್ನೇ ಡೆನ್ನಿಸ್‌ಗೆ ಇಂಗ್ಲಿಷಿನಲ್ಲಿ ಹೇಳಿ, ನನ್ನ ಕಡೆ ತಿರುಗಿದಳು.

"ಜೀವನ ಪೂರ್ತಿ ಮಂದಿ ಕೆಡಿಸಿದ್ ಕಾರು ನೋಡಿದಿ. ಸಾಕಾಗ್ಲಿಲ್ಲಂತ ಒಂದ್ ನೀನ ಕೈಯಾರ ತಯಾರ್ ಮಾಡಾಕ ಹೊಂಟಿದ್ಯೇನ?"

ನಾನು ಅವಳ ಕೈ ನೋಡುತ್ತಿದ್ದೆ. ಹಣ್ಣು ಹಿಡಿದಿದ್ದ ಕೈಯಿಂದ ರಸ ಸೋರುತ್ತಿತ್ತು. ಕೈ ನಡುಗುತ್ತಿರಲಿಲ್ಲ.

ಡೆನ್ನಿಸ್ ತೀರ್ಪು ಕೊಟ್ಟ. ಯಾರೇ ಇಟ್ಟಿರಲಿ, ಕಾರಿನೊಳಗೆ ಏನಿದೆ ಎಂದು ಹೊರಡುವ ಮೊದಲು ನೋಡಬೇಕಾದದ್ದು ಓಡಿಸುವವರ ಹೊಣೆ. ಅದು ಅವಳ ತಪ್ಪು. ಕಾರಿಗೆ ಮತ್ತೆ ತಪಾಸಣೆ. "ಆದರೆ ಬ್ರೇಕಿನ ಮೇಲಿಂದ ಕಾಲು ತೆಗೆಯದಿರುವುದನ್ನು ನಾನು ಕಲಿಸಿರಲಿಲ್ಲ," ಎಂದ. "ಸಂಜೆಯ ಕೊನೆಯ ಸರದಿಗೆ ಒಬ್ಬಳೇ ಹೋಗು. ನಾನು ಹಿಂದೆ ಬರುವುದಿಲ್ಲ."

ತಪಾಸಣೆಯವನು ಮುಗಿಸಿ ಹೋದ. ಕಾರಿನ ನೆಲ ಒರೆಸಿದ್ದಾಯಿತು. ಬಿಸಿಲು ಇಳಿಯುತ್ತಿತ್ತು, ಗಾಳಿ ಜೋರಾಗಿತ್ತು. ಶೈಲಾ ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂತು ನನ್ನನ್ನು ಕರೆದಳು.

"ಕೈ ಹಾಕಿ ನೋಡು ಅಣ್ಣಾ."

"ಅಂವ ನೋಡ್ಯಾನಲ್ಲ?"

"ಅಂವ ನಿನ್ನಷ್ಟ್ ಹೆದರೂ ಮನಶ್ಯಾ ಅಲ್ಲ. ನೀ ನೋಡು."

ಮೊಣಕಾಲೂರಿ ಅವಳ ಸೀಟಿನ ಕೆಳಗೆ ಕೈ ಹಾಕಿದೆ. ಸೀಟು ಹಿಂದೆಮುಂದೆ ಜಾರುವ ಹಳಿಗಳ ಸಂದಿ, ಪೆಡಲಿನ ಹಿಂದೆ, ಮೂಲೆ ಮೂಲೆ. ಏನೂ ಇರಲಿಲ್ಲ. ಹಣ್ಣಿಲ್ಲ, ದಾರವಿಲ್ಲ, ಕುಂಕುಮದ ಪೊಟ್ಟಣವಿಲ್ಲ. ನನ್ನ ಬದುಕಿನಲ್ಲಿ ನಾನು ಯಾರನ್ನೂ ಇಷ್ಟು ಖಾಲಿ ಕಾರಿನಲ್ಲಿ ಕಳಿಸಿದವನಲ್ಲ.

"ಖಾಲಿ ಐತಿ," ಎಂದೆ. "ಹೋಗಿ ಬಾ."

ಅವಳು ಹೋದಳು. ನಾನು ಟ್ರ್ಯಾಕಿನ ಅಂಚಿನ ಗೋಡೆಯ ಹಿಂದೆ ನಿಂತೆ. ನೆಲ ಒರೆಸುವಾಗ ಅವಳು ಕೊಟ್ಟ ಅಪ್ಪಚ್ಚಿಯಾದ ಹಣ್ಣು ನನ್ನ ಕೈಯಲ್ಲೇ ಇತ್ತು. ದೇವರ ಪಾದದ್ದನ್ನು ಕಸದ ಡಬ್ಬಿಗೆ ಹಾಕಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡೆ. ಕೆಂಪು ಕಾರು ಗುಡ್ಡದ ಮರೆಗೆ ಹೋದಾಗ ಉಸಿರು ಹಿಡಿಯುತ್ತಿದ್ದೆ, ಈ ಕಡೆ ಬಂದಾಗ ಬಿಡುತ್ತಿದ್ದೆ. ಒಂದು ಸಲ ನೇರ ದಾರಿಯಲ್ಲಿ ಅವಳ ಬೆರಳು ಹೊರಬಂದು ಹಿಂದಿನವನಿಗೆ ದಾರಿ ಕೊಟ್ಟಿತು. ಇನ್ನೊಂದು ಸಲ, ನಂಬಿದರೆ ನಂಬಿ, ಬೇರೆ ಯಾರೋ ಅವಳಿಗೆ ಬೆರಳು ತೋರಿಸಿದರು. ನನ್ನ ತಂಗಿ ಒಬ್ಬರನ್ನು ದಾಟಿ ಮುಂದೆ ಹೋದಳು.

ಸರದಿ ಮುಗಿದು ಅವಳು ಹೆಲ್ಮೆಟ್ ತೆಗೆದು ನನ್ನ ಕಡೆ ಬಂದಳು. ನಗು ಕಿವಿಯವರೆಗೆ ಹರಡಿತ್ತು. ನಡುದಾರಿಯಲ್ಲಿ ನಿಂತು ನನ್ನ ಪ್ಯಾಂಟಿನ ಕಡೆ ಬೆರಳು ಮಾಡಿದಳು. ಬಗ್ಗಿ ನೋಡಿಕೊಂಡೆ. ಜೇಬಿನಿಂದ ಮೊಣಕಾಲಿನವರೆಗೆ ಒದ್ದೆ.

ಲಿಂಬೆರಸ ಎಂದೆ. ಇವತ್ತಿಗೂ ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ.